ಹಾರ್ಪಿಗೊಂದು ಕೈಗಾಡಿ

ಸಂಗೀತವನ್ನು ಕೇಳುವವರಿಗೆ ವಾದ್ಯದ ನಾದ ತಿಳಿಯುತ್ತದೆಯೇ ಹೊರತು ಅದರ ಭಾರ ತಿಳಿಯುವುದಿಲ್ಲ. ಕೊಳಲು ನುಡಿಸುವವರು ಅದನ್ನು ಕಂಕುಳಲ್ಲಿ ಇರಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ವೀಣೆ ನುಡಿಸುವವರಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ತಂಬೂರಿಯ ಪಾಡಂತೂ ಹೇಳತೀರದು. ಬಸ್ಸಿನ ಬಾಗಿಲಲ್ಲಿ ಅದು ಪಡುವ ಕಷ್ಟವನ್ನು ನಾನು ಬಾಲ್ಯದಲ್ಲಿಯೇ ಕಂಡಿದ್ದೇನೆ. ಆದರೆ ಆಳೆತ್ತರದ, ಸುಮಾರು 40 ಕಿಲೋಗ್ರಾಂ ತೂಗುವ ವಾದ್ಯವೊಂದನ್ನು ಹದಿನೈದು ವರ್ಷದ ಹುಡುಗಿಯೊಬ್ಬಳು ಮನೆಯಿಂದ ಸಭೆಗೂ ಸಭೆಯಿಂದ ಮನೆಗೂ ಸಾಗಿಸಬೇಕಾದರೆ ಏನೆಲ್ಲ ಯೋಚಿಸಬೇಕಾಗುತ್ತದೆ ಎಂಬುದನ್ನು ತಿಳಿಯಲು ನನಗೆ ಅರುವತ್ತಾರು ವರ್ಷ ತುಂಬಬೇಕಾಯಿತು.

ಆ ಹುಡುಗಿ ನನ್ನ ಮೊಮ್ಮಗಳು. ಅವಳ ತಾಯಿ, ಎಂದರೆ ನನ್ನ ಮಗಳು, ವೇಲ್ಸ್ ನಾಡಿನ ಕಾರ್ಡಿಫ್ ನಗರದಲ್ಲಿ ವೈದ್ಯೆ. ಕಳೆದ ಬೇಸಿಗೆಯಲ್ಲಿ ನಾನು ಮೂರು ತಿಂಗಳ ಕಾಲ ಅವರ ಮನೆಯಲ್ಲಿ ಇದ್ದೆ.

ವೇಲ್ಸ್ ಎಂಬುದು ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ಪುಟ್ಟ ನಾಡು. ಹಸುರು ಬೆಟ್ಟಗಳು, ಕಣಿವೆಗಳು, ಕುರಿಮಂದೆಗಳು, ಹೇಳದೆ ಕೇಳದೆ ಬರುವ ಮಳೆ—ಇವು ಅಲ್ಲಿಯ ಲಕ್ಷಣಗಳು. ಇಂಗ್ಲಿಷಿನ ನೆರೆಯಲ್ಲಿಯೇ ಇದ್ದುಕೊಂಡು ತನ್ನ ನುಡಿಯನ್ನು ಉಳಿಸಿಕೊಂಡ ನಾಡು ಅದು. ಅಲ್ಲಿಯ ರಸ್ತೆಯ ಫಲಕಗಳಲ್ಲಿ ಎರಡು ಭಾಷೆಗಳೂ ಇರುತ್ತವೆ. ನಮಗೆ ವೀಣೆ ಹೇಗೋ ಆ ಜನರಿಗೆ ಹಾರ್ಪ್ ಹಾಗೆ. ತಮ್ಮ ನುಡಿಯಲ್ಲಿ ಅವರು ಅದನ್ನು 'ತೆಲಿನ್' ಎನ್ನುತ್ತಾರೆ. 1176ರಲ್ಲಿ ರೀಸ್ ಎಂಬ ಪ್ರಭುವು ಕಾರ್ಡಿಗನ್ ಎಂಬಲ್ಲಿಯ ತನ್ನ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಸೇರಿಸಿ ಸ್ಪರ್ಧೆ ನಡೆಸಿದನಂತೆ. ಆ ಸ್ಪರ್ಧೆಯಲ್ಲಿ ಹಾರ್ಪ್ ನುಡಿಸುವವರಿಗೂ ಸ್ಥಾನವಿತ್ತು. ಅಂಥ ಸಾಹಿತ್ಯ ಸಂಗೀತಗಳ ಉತ್ಸವ 'ಐಸ್ಟೆದ್ವೊದ್' ಎಂಬ ಹೆಸರಿನಲ್ಲಿ ಇಂದಿಗೂ ಪ್ರತಿವರ್ಷ ಆ ನಾಡಿನಲ್ಲಿ ನಡೆಯುತ್ತದೆ. ಇಂಥ ಕಡೆ ಬೆಳೆದ ಮಗು ಹಾರ್ಪಿಗೆ ಮನಸೋತುದು ಆಶ್ಚರ್ಯವಲ್ಲ. ಏಳನೆಯ ವಯಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವಂಥ ಚಿಕ್ಕ ಹಾರ್ಪಿನಿಂದ ಆರಂಭಿಸಿದ ಅವಳು ಈಗ ದೊಡ್ಡ ಹಾರ್ಪಿನವರೆಗೆ ಬಂದಿದ್ದಾಳೆ.

ಈ ದೊಡ್ಡ ಹಾರ್ಪನ್ನು ನೀವು ಚಿತ್ರದಲ್ಲಿ ನೋಡಿರಬಹುದು. ವಾಲಿದ ತ್ರಿಕೋನದಂತೆ ಅದರ ಆಕಾರ. ಮುಂದೆ ನೇರವಾದ ಕಂಬ. ಮೇಲೆ ಹಂಸದ ಕತ್ತಿನಂತೆ ಬಳುಕಿದ ತೊಲೆ. ಹಿಂದೆ, ನುಡಿಸುವವರ ಹೆಗಲಿಗೆ ಒರಗುವ, ಒಳಗೆ ಟೊಳ್ಳಾದ ಒಡಲು. ತೊಲೆಯಿಂದ ಒಡಲಿಗೆ 47 ತಂತಿಗಳು. ನೋಡಲು ಎಲ್ಲವೂ ಒಂದೇ ಬಗೆಯಾಗಿರುವುದರಿಂದ ಬೆರಳು ದಾರಿ ತಪ್ಪದಿರಲೆಂದು ಪ್ರತಿ ಸ್ಥಾಯಿಯಲ್ಲಿ ಒಂದು ತಂತಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಕಪ್ಪು ಬಣ್ಣ. ಕಾಲಿನ ಬಳಿ ಏಳು ತುಳಿಗೆಗಳು. ಒಂದೊಂದು ತುಳಿಗೆಗೂ ಮೂರು ನೆಲೆಗಳುಂಟು. ಅದನ್ನು ತುಳಿದರೆ ಕಂಬದೊಳಗಿನ ಸಲಾಕೆಗಳು ಚಲಿಸಿ, ಮೇಲಿನ ತೊಲೆಯಲ್ಲಿರುವ ಯಂತ್ರ ತಿರುಗಿ, ತಂತಿಯ ಸ್ವರ ಅರ್ಧ ಅರ್ಧ ಮೆಟ್ಟಿಲು ಏರುತ್ತದೆ. ಸೆಬಾಸ್ಟಿಯನ್ ಎರಾರ್ ಎಂಬ ಫ್ರೆಂಚ್ ಕುಶಲಿ 1810ರಲ್ಲಿ ಲಂಡನ್ನಿನಲ್ಲಿ ಈ ರಚನೆಗೆ ಹಕ್ಕುಪತ್ರ ಪಡೆದನು. ಅಂದಿನಿಂದ ಹಾರ್ಪು ಬಲು ಜಾಣ ವಾದ್ಯವಾಯಿತು, ಬಲು ಭಾರದ ವಾದ್ಯವೂ ಆಯಿತು.

ಹಾರ್ಪು ನಮಗೆ ತೀರ ಪರಕೀಯವೆಂದು ತಿಳಿಯಬೇಕಾಗಿಲ್ಲ. ಗುಪ್ತ ಚಕ್ರವರ್ತಿ ಸಮುದ್ರಗುಪ್ತನ ಚಿನ್ನದ ನಾಣ್ಯವೊಂದರಲ್ಲಿ ಅವನು ವೀಣೆ ನುಡಿಸುತ್ತ ಕುಳಿತಿದ್ದಾನೆ. ಆ ವೀಣೆ ಇಂದಿನ ನಮ್ಮ ವೀಣೆಯಲ್ಲ. ಬಿಲ್ಲಿನಂತೆ ಬಾಗಿದ, ಹಾರ್ಪಿನ ಬಳಗಕ್ಕೆ ಸೇರಿದ ವಾದ್ಯ. ತಮಿಳರ ಪ್ರಾಚೀನ ಯಾಳ್ ಕೂಡ ಅದೇ ಬಳಗದ್ದು. ಆದರೆ ಸಮುದ್ರಗುಪ್ತನ ವೀಣೆ ಅವನ ತೊಡೆಯ ಮೇಲೆ ಕುಳಿತಿತ್ತು. ನನ್ನ ಮೊಮ್ಮಗಳ ಹಾರ್ಪು ಅವಳಿಗಿಂತ ಒಂದು ಗೇಣು ಎತ್ತರವಾಗಿ, ನಡುಮನೆಯ ಕಿಟಕಿಯ ಬಳಿ, ಮನೆಗೆ ಬಂದ ಹಿರಿಯ ನೆಂಟನಂತೆ ನಿಂತಿತ್ತು.

ಅದು ಹೊಸದಲ್ಲ; ಒಬ್ಬರ ಕೈಯಲ್ಲಿ ಹಲವು ವರ್ಷ ನುಡಿದು ಬಂದದ್ದು. ಆದರೂ ಅದನ್ನು ಕೊಳ್ಳಲು ಮಗಳು ಅಳಿಯಂದಿರು ಬಹುಕಾಲ ಹಣ ಕೂಡಿಡಬೇಕಾಗಿತ್ತು. ಮನೆಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಅದನ್ನು ಹೊರಗೆ ಕೊಂಡೊಯ್ಯುವ ಸಂದರ್ಭ ಬಂದಾಗ ಅಳಿಯನೂ ನೆರೆಮನೆಯವರೊಬ್ಬರೂ ಎರಡು ಕಡೆ ಹಿಡಿದು ಎತ್ತಿ ಕಾರಿನಲ್ಲಿ ಮಲಗಿಸುತ್ತಿದ್ದರು. ಒಂದು ಭಾನುವಾರ ನೆರೆಯವರು ಊರಿನಲ್ಲಿ ಇರಲಿಲ್ಲ. ಮೊಮ್ಮಗಳು ಗುರುಗಳ ಮನೆಗೆ ಹಾರ್ಪನ್ನು ಒಯ್ಯಬೇಕಾಗಿತ್ತು. "ನಾನಿಲ್ಲವೆ?" ಎಂದು ನಾನು ಎದ್ದು ನಿಂತೆ.

ಇಲ್ಲಿ ನನ್ನ ಹಳೆಯ ಹೆಮ್ಮೆಯೊಂದನ್ನು ಹೇಳಬೇಕು. ಚಿಕ್ಕಂದಿನಲ್ಲಿ ನಮ್ಮ ಊರಿನ ಸಂಗೀತದ ಮೇಷ್ಟರು ಕಚೇರಿಗೆ ಹೊರಟರೆ ಅವರ ತಂಬೂರಿಯನ್ನು ಹೊರುವ ಕೆಲಸ ನನ್ನದಾಗಿತ್ತು. ಹಳೆಯ ಸೀರೆಯಲ್ಲಿ ಸುತ್ತಿದ ಆ ತಂಬೂರಿಯನ್ನು ಹೆಗಲಿಗೇರಿಸಿ, ಬುರುಡೆಯನ್ನು ಎದೆಗೆ ಒತ್ತಿಕೊಂಡು ನಾನು ಮುಂದೆ ನಡೆದರೆ, ಅವರು ಹಿಂದಿನಿಂದ, "ತುಂಬಿದ ಕೊಡ ಹೊತ್ತಿದ್ದೇನೆ ಎಂದುಕೊಂಡು ನಡೆಯಪ್ಪ" ಎನ್ನುತ್ತಿದ್ದರು. ಮೂರು ವರ್ಷ ಹೊತ್ತೆ. ಒಮ್ಮೆಯೂ ಅದಕ್ಕೆ ಪೆಟ್ಟು ತಾಗಿಸಲಿಲ್ಲ. ವಾದ್ಯವನ್ನು ಹೊರುವ ವಿದ್ಯೆ ನನಗೆ ಬರುತ್ತದೆ ಎಂಬ ನಂಬಿಕೆ ಅಂದಿನಿಂದಲೂ ನನ್ನಲ್ಲಿ ಉಳಿದಿತ್ತು. ನಡುವೆ ಐವತ್ತು ವರ್ಷಕ್ಕೂ ಮಿಗಿಲಾದ ಕಾಲ ಕಳೆದುಹೋಗಿದೆಯೆಂಬುದನ್ನು ಆ ನಂಬಿಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ತಾತ, ಬೇಡ. ಇನ್ನೊಂದು ದಿನ ಹೋದರಾಯಿತು" ಎಂದಳು ಮೊಮ್ಮಗಳು. ನಾನು ಕೇಳಲಿಲ್ಲ. ಅಳಿಯ ಕಂಬದ ಕಡೆ ಹಿಡಿದನು. ನಾನು ಒಡಲಿನ ಕಡೆ. ನಡುಮನೆ ದಾಟಿತು. ಹೊಸ್ತಿಲಿನ ಬಳಿ ನನ್ನ ಬೆರಳುಗಳು ಸೋತುವು. ಜಾರಿದುದು ನಾಲ್ಕೇ ಅಂಗುಲ. ಆದರೆ ಹಾರ್ಪಿನ ಪೀಠ ಕಲ್ಲಿನ ಹೊಸ್ತಿಲಿಗೆ ಬಡಿಯಿತು. ಆ ಕ್ಷಣದಲ್ಲಿ 47 ತಂತಿಗಳೂ ಒಟ್ಟಿಗೆ ಮೊರೆದುವು. ಎಷ್ಟೋ ನಾದಗಳನ್ನು ನಾನು ಕೇಳಿ ಮರೆತಿದ್ದೇನೆ. ಅದನ್ನು ಮಾತ್ರ ಮರೆಯಲಾರೆ. ಗವುಸನ್ನು ಸರಿಸಿ ನೋಡಿದಾಗ ಪೀಠದ ಮೂಲೆಯಲ್ಲಿ ಬೆರಳುದ್ದದ ಬಿರುಕು ಕಾಣಿಸಿತು. ಮೊಮ್ಮಗಳು ಅಳಲಿಲ್ಲ, ನನ್ನನ್ನು ದೂರಲಿಲ್ಲ. ಬಿರುಕಿನ ಮೇಲೆ ಒಮ್ಮೆ ಬೆರಳಾಡಿಸಿ ಸುಮ್ಮನೆ ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಾರ್ಪುಗಳನ್ನು ರಿಪೇರಿ ಮಾಡುವ ಮುದುಕರೊಬ್ಬರು ಊರ ಹೊರಗೆ ಇದ್ದರು. ಅವರು ಬಂದು ನೋಡಿ, "ಒಡಲಿಗೆ ಪೆಟ್ಟಾಗಿಲ್ಲ, ಪೀಠವನ್ನು ಅಂಟಿಸಬಹುದು" ಎಂದಾಗ ಎಲ್ಲರೂ ಉಸಿರು ಬಿಟ್ಟೆವು. ತಂತಿಗಳೆಲ್ಲ ಸೇರಿ ಆ ಒಡಲನ್ನು ಹಗಲಿರುಳೂ ಸುಮಾರು 800 ರಿಂದ 900 ಕಿಲೋಗ್ರಾಂ ಬಲದಿಂದ ಎಳೆಯುತ್ತಿರುತ್ತವೆಯೆಂದೂ ಒಡಲು ಬಿರಿದಿದ್ದರೆ ಕಥೆಯೇ ಬೇರೆಯಾಗುತ್ತಿತ್ತೆಂದೂ ಅವರು ವಿವರಿಸಿದರು. ಅನಂತರ ಮೊಮ್ಮಗಳ ಕಡೆ ತಿರುಗಿ, "ಇದನ್ನು ಎತ್ತುವ ಕಾಲ ಮುಗಿಯಿತು. ನಿನಗೆ ಒಂದು ಗಾಡಿ ಬೇಕು" ಎಂದರು. ಇನ್ನು ಹದಿನೈದು ದಿನಗಳಿಗೆ ಹತ್ತಿರದ ಹಳ್ಳಿಯೊಂದರ ಪ್ರಾರ್ಥನಾಮಂದಿರದಲ್ಲಿ ಅವಳು ಮೊದಲ ಸಲ ಒಬ್ಬಳೇ ನುಡಿಸುವ ಕಾರ್ಯಕ್ರಮವಿತ್ತು.

ಗಾಡಿಯ ಹಣವನ್ನು ನಾನೇ ಕೊಡುತ್ತೇನೆ ಎಂದೆ. ಎಲ್ಲಕ್ಕಿಂತ ಹೆಚ್ಚಿನ ಬೆಲೆಯದನ್ನು ಕೊಳ್ಳಬೇಕೆಂದು ಮನಸ್ಸಿನಲ್ಲಿಯೇ ನಿಶ್ಚಯ ಮಾಡಿದೆ. ಮಾಡಿದ ತಪ್ಪಿನ ಭಾರವನ್ನು ಹಣದ ಭಾರದಿಂದ ತೂಗಬಹುದೆಂದು ನನಗೆ ತೋರಿತ್ತು.

ಆ ಮುದುಕರ ಕಮ್ಮಟದಲ್ಲಿ ಮೂರು ಬಗೆಯ ಗಾಡಿಗಳಿದ್ದುವು. ಮೊದಲನೆಯದು ನಾಲ್ಕು ಪುಟ್ಟ ಗಾಲಿಗಳ ಮೇಲಿನ ಮಣೆ. ಹಾರ್ಪನ್ನು ಅದರ ಮೇಲೆ ನಿಲ್ಲಿಸಿ ಬೆರಳಿನಿಂದ ದೂಡಿದರೆ ಸಾಕು, ನುಣುಪಾದ ನೆಲದ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಎರಡನೆಯದು ನಮ್ಮ ರೈಲುನಿಲ್ದಾಣಗಳಲ್ಲಿ ಮೂಟೆ ಸಾಗಿಸುವ ಕೈಗಾಡಿಯ ಜಾತಿಯದು: ಉದ್ದವಾದ ಚೌಕಟ್ಟು, ಅದಕ್ಕೆ ಮೆತ್ತೆ, ಕೆಳಗೆ ಪೀಠವನ್ನು ಹೊರುವ ನಾಲಗೆ, ಗಾಳಿ ತುಂಬಿದ ಎರಡು ದೊಡ್ಡ ಚಕ್ರಗಳು, ಬಿಗಿಯಲು ಪಟ್ಟಿ. ಮೂರನೆಯದರಲ್ಲಿ ಒಂದೊಂದು ಬದಿಗೂ ಮೂರು ಮೂರು ಚಕ್ರಗಳು ತ್ರಿಕೋನವಾಗಿ ಕೂಡಿಕೊಂಡಿದ್ದುವು. ಮೆಟ್ಟಿಲು ಅಡ್ಡ ಬಂದರೆ ಆ ತ್ರಿಕೋನವೇ ಉರುಳಿ, ಒಂದು ಚಕ್ರದ ಬದಲು ಇನ್ನೊಂದು ಚಕ್ರ ಮೇಲಿನ ಮೆಟ್ಟಿಲನ್ನು ಹಿಡಿಯುತ್ತಿತ್ತು. ಬೆಲೆಯೂ ಅದಕ್ಕೇ ಹೆಚ್ಚು. "ಇದೇ ಇರಲಿ" ಎಂದು ನಾನು ಜೇಬಿಗೆ ಕೈ ಹಾಕಿದೆ.

ಮುದುಕರು ನಕ್ಕರು. ನನ್ನನ್ನು ಬಿಟ್ಟು ಹುಡುಗಿಯನ್ನು ಪ್ರಶ್ನಿಸತೊಡಗಿದರು. ಹಾರ್ಪನ್ನು ಎಲ್ಲೆಲ್ಲಿಗೆ ಒಯ್ಯುತ್ತೀಯೆ? ದಾರಿಯಲ್ಲಿ ಎಷ್ಟು ಮೆಟ್ಟಿಲುಗಳಿವೆ? ಅವು ಎಷ್ಟು ಎತ್ತರ? ನೆಲ ಎಂಥದು? ಬಾಗಿಲು ಎಷ್ಟು ಅಗಲ? ಜೊತೆಗೆ ಯಾರಿರುತ್ತಾರೆ? ಹಾರ್ಪನ್ನು ಕಾರಿನಲ್ಲಿ ಮಲಗಿಸಿದ ಮೇಲೆ ಗಾಡಿಗೆ ಎಷ್ಟು ಜಾಗ ಉಳಿಯುತ್ತದೆ? ಮೊಮ್ಮಗಳು ಕೆಲವಕ್ಕೆ ಉತ್ತರ ಕೊಟ್ಟಳು, ಕೆಲವಕ್ಕೆ ಕೊಡಲಾಗಲಿಲ್ಲ. "ಅಳೆದುಕೊಂಡು ಬಾ. ಗಾಡಿ ಎಲ್ಲಿಯೂ ಓಡಿಹೋಗುವುದಿಲ್ಲ" ಎಂದು ಅವರು ನಮ್ಮನ್ನು ಕಳುಹಿಸಿಬಿಟ್ಟರು. ಮಾರುವವರೇ ಕೊಳ್ಳುವವರನ್ನು ತಡೆದುದನ್ನು ನಾನು ಕಂಡುದು ಅದೇ ಮೊದಲು.

ಮುಂದಿನ ಎರಡು ದಿನ ಅವಳು ಅಳತೆಯ ಪಟ್ಟಿ ಹಿಡಿದು ತಿರುಗಿದಳು. ನಾನು ಅಂಕಿಗಳನ್ನು ಬರೆದುಕೊಂಡೆ. ಮನೆಯ ಬಾಗಿಲು 74 ಸೆಂಟಿಮೀಟರ್. ಹೊಸ್ತಿಲು 6 ಸೆಂಟಿಮೀಟರ್. ಶಾಲೆಯಲ್ಲಿ ಮೆಟ್ಟಿಲಿಲ್ಲ, ಇಳಿಜಾರು ಇದೆ. ಗುರುಗಳ ಮನೆಗೆ ಎರಡು ಮೆಟ್ಟಿಲು. ಪ್ರಾರ್ಥನಾಮಂದಿರದ ಮುಂದೆ ಮೂವತ್ತು ಹೆಜ್ಜೆಯಷ್ಟು ದೂರ ಬೆಣಚುಕಲ್ಲಿನ ದಾರಿ; ಅದರ ಕೊನೆಯಲ್ಲಿ ಮೂರು ಕಲ್ಲುಮೆಟ್ಟಿಲುಗಳು, ಒಂದೊಂದೂ 12 ಸೆಂಟಿಮೀಟರ್. ಅಷ್ಟೆ. ಮಹಡಿ ಹತ್ತುವ ಪ್ರಸಂಗ ಅವಳ ದಾರಿಯಲ್ಲಿ ಎಲ್ಲಿಯೂ ಇರಲಿಲ್ಲ. ನಾನು ಕೊಳ್ಳಹೊರಟಿದ್ದ ಗಾಡಿ, ಇಲ್ಲದ ಮೆಟ್ಟಿಲುಗಳನ್ನು ಹತ್ತುವ ಗಾಡಿಯಾಗಿತ್ತು.

ಪಟ್ಟಿಯೊಡನೆ ಮರಳಿ ಹೋದಾಗ ಆಯ್ಕೆ ತಾನಾಗಿಯೇ ನಡೆಯಿತು. ಮಣೆಯ ಪುಟ್ಟ ಗಾಲಿಗಳು ನಮ್ಮ ಮನೆಯ ಹೊಸ್ತಿಲನ್ನೇ ದಾಟಲಾರವು, ಬೆಣಚುಕಲ್ಲಿನಲ್ಲಿ ಹೂತುಹೋಗುತ್ತವೆ. ಮೂರು ಚಕ್ರಗಳ ಗಾಡಿ 20 ಕಿಲೋಗ್ರಾಂ ತೂಗುತ್ತಿತ್ತು. ಹಾರ್ಪನ್ನು ಇಳಿಸಿದ ಮೇಲೆ ಗಾಡಿಯನ್ನು ಎತ್ತಿ ಕಾರಿನಲ್ಲಿ ಇಡುವವರು ಯಾರು? ಮೊಮ್ಮಗಳು ಎತ್ತಲು ನೋಡಿದಳು, ಆಗಲಿಲ್ಲ. ನಾನು ಎತ್ತಲು ಮುಂದೆ ಬರಲಿಲ್ಲ. ಅಷ್ಟು ಬುದ್ಧಿ ನನಗೆ ಆ ವೇಳೆಗೆ ಬಂದಿತ್ತು. ನಡುವಿನದು 9 ಕಿಲೋಗ್ರಾಂ. ಅದರ ಚಕ್ರದ ವ್ಯಾಸ 30 ಸೆಂಟಿಮೀಟರ್, ಎಂದರೆ ಅರ್ಧವ್ಯಾಸ 15. ಚಕ್ರದ ಅರ್ಧವ್ಯಾಸಕ್ಕಿಂತ ಎತ್ತರವಾದ ಮೆಟ್ಟಿಲನ್ನು ಅಡ್ಡಲಾಗಿ ಎಳೆದು ಹತ್ತಿಸಲು ಆಗುವುದಿಲ್ಲ, ಎತ್ತಲೇಬೇಕಾಗುತ್ತದೆ. ತಗ್ಗಿನ ಮೆಟ್ಟಿಲಾದರೆ ಚಕ್ರ ಉರುಳಿಕೊಂಡು ಏರಬಲ್ಲುದು. 12ರ ಮೆಟ್ಟಿಲಿಗೆ 15 ಸಾಕು ಎಂದು ಹುಡುಗಿ ತಾನೇ ಲೆಕ್ಕ ಹಾಕಿದಳು.

ಬಳಿಕ ಮುದುಕರು ಅವಳಿಗೆ ಗಾಡಿಯನ್ನು ಹಿಡಿಯುವ ಬಗೆ ಕಲಿಸಿದರು. ಹೊರಡುವ ಮೊದಲು ತುಳಿಗೆಗಳನ್ನೆಲ್ಲ ಮೇಲಿನ ನೆಲೆಗೆ ಬಿಡಬೇಕು. ಆಗ ತಂತಿಗಳ ಬಿಗಿತ ಕಡಮೆಯಾಗುತ್ತದೆ. ವಾದ್ಯವನ್ನು ಮೆಲ್ಲನೆ ವಾಲಿಸಿ, ಪೀಠದ ಅಡಿಗೆ ಗಾಡಿಯ ನಾಲಗೆಯನ್ನು ಸೇರಿಸಬೇಕು. ತುಳಿಗೆಗಳಿಗೆ ಅದು ತಾಗಬಾರದು. ಪಟ್ಟಿ ಮರವನ್ನು ಹಿಡಿಯಬೇಕೇ ವಿನಾ ತಂತಿಗಳನ್ನು ಒತ್ತಬಾರದು. ಚಕ್ರದಲ್ಲಿ ಗಾಳಿ ತೀರ ಹೆಚ್ಚಾದರೆ ಒಂದೊಂದು ಕಲ್ಲಿನ ಕುಲುಕೂ ವಾದ್ಯಕ್ಕೆ ಮುಟ್ಟುತ್ತದೆ; ಕಡಮೆಯಾದರೆ ಗಾಡಿ ಎಳೆಯಲು ಬಾರದು. ಮೆಟ್ಟಿಲು ಹತ್ತುವಾಗ ತಾನು ಮೇಲೆ ನಿಂತು ಹಿಂದು ಹಿಂದಾಗಿ ಎಳೆಯಬೇಕು. ಇಳಿಯುವಾಗಲೂ ತಾನು ಮೇಲಿದ್ದು ಒಂದೊಂದಾಗಿ ಇಳಿಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಅವರು ಕೊನೆಗೆ ಉಳಿಸಿಕೊಂಡಿದ್ದರು. "ಈಗ ಗಾಡಿಯನ್ನು ನಿನ್ನ ಕಡೆಗೆ ನಿಧಾನವಾಗಿ ಒರಗಿಸಿಕೊ. ಎಲ್ಲಿ ಭಾರ ಇಲ್ಲವಾಗುತ್ತದೋ ಅಲ್ಲಿ ನಿಲ್ಲು" ಎಂದರು. ಅವಳು ಒರಗಿಸಿದಳು. ಮೊದಲು ಭಾರ ಮುಂದಕ್ಕೆ ಎಳೆಯಿತು. ಇನ್ನಷ್ಟು ಒರಗಿಸಿದಾಗ ಅವಳ ತೋಳಿನ ಮೇಲೆ ಬಿತ್ತು. ಸ್ವಲ್ಪ ಹಿಂದಕ್ಕೆ ಬಿಟ್ಟಳು. ಒಂದು ಕಡೆ ಅವಳ ಮುಖ ಅರಳಿತು. 40 ಕಿಲೋಗ್ರಾಮಿನ ಹಾರ್ಪು ಅವಳ ಎರಡು ಬೆರಳುಗಳ ಹಿಡಿತದಲ್ಲಿ ನಿಂತಿತ್ತು. ವಿಜ್ಞಾನದ ತರಗತಿಯಲ್ಲಿ ನೀವು ಸನ್ನೆಯ ವಿಚಾರ ಓದಿದ್ದೀರಿ. ಗುರುತ್ವಕೇಂದ್ರವು ಆಧಾರದ ನೇರಕ್ಕೆ ಬಂದಾಗ ಭಾರವೆಲ್ಲ ಚಕ್ರದ ಅಚ್ಚಿನ ಮೇಲೆ ಕುಳಿತುಕೊಳ್ಳುತ್ತದೆ. ಕೈಗೆ ಉಳಿಯುವುದು ದಾರಿ ತೋರಿಸುವ ಕೆಲಸ ಮಾತ್ರ. ಭಾರ ಒಂದು ಗುಂಜಿಯಷ್ಟೂ ಕಡಮೆಯಾಗಿರಲಿಲ್ಲ. ಅದು ಇರಬೇಕಾದಲ್ಲಿ ಇತ್ತು. "ತಾತ, ನೀವೂ ನೋಡಿ" ಎಂದಳು. ನಾನು ಹಿಡಿದೆ. ಅಭ್ಯಾಸ ಬಲದಿಂದ ಎತ್ತಲು ಹೋದೆ, ಗಾಡಿ ಓಲಾಡಿತು. "ಎತ್ತಬೇಡಿ, ಒರಗಿಸಿ" ಎಂದು ಮೊಮ್ಮಗಳು ಕೈ ಸೇರಿಸಿ ತೋರಿಸಿದಳು. ಮೂರನೆಯ ಸಲಕ್ಕೆ ನನಗೂ ಆ ನೆಲೆ ಸಿಕ್ಕಿತು.

ಮನೆಗೆ ಬರುವ ದಾರಿಯಲ್ಲಿ, ಅಷ್ಟು ದಿನ ಹೇಳಲಾಗದಿದ್ದ ಮಾತನ್ನು ನಾನು ಹೇಳಿದೆ. "ಅಂದು ನೀನು ಬೇಡವೆಂದೆ. ನಾನು ಕೇಳಲಿಲ್ಲ. ತಪ್ಪು ನನ್ನದು" ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ನನಗೆ ಅಂದು ಬಿರುಕಿಗಿಂತ ನಿಮ್ಮ ಕಾಲಿನ ಮೇಲೆ ಬಿದ್ದಿದ್ದರೆ ಎಂದು ಭಯವಾಯಿತು. ಅದಕ್ಕೇ ಮಾತು ಬರಲಿಲ್ಲ" ಎಂದಳು. ಅವಳ ಮೌನಕ್ಕೆ ನಾನು ಒಂದು ವಾರ ಕಾಲ ಕೊಟ್ಟುಕೊಂಡಿದ್ದ ಅರ್ಥವೇ ಬೇರೆಯಾಗಿತ್ತು.

ಕಾರ್ಯಕ್ರಮದ ಸಂಜೆ ಸಣ್ಣಗೆ ಮಳೆ ಹನಿಯುತ್ತಿತ್ತು. ಬೆಣಚುಕಲ್ಲಿನ ದಾರಿಯಲ್ಲಿ ಮೊಮ್ಮಗಳು ಗವುಸು ಹೊದಿಸಿದ ಹಾರ್ಪನ್ನು ಒರಗಿಸಿಕೊಂಡು ನಡೆದಳು. ಚಕ್ರಗಳು ಕಲ್ಲುಗಳ ಮೇಲೆ ಮೆತ್ತಗೆ ಸದ್ದು ಮಾಡಿದುವು. ಮೆಟ್ಟಿಲುಗಳ ಬಳಿ ನನ್ನ ಕೈಗಳು ತಾವಾಗಿಯೇ ಮುಂದೆ ಹೋದುವು. ಅವಳು, "ತಾತ, ನೀವು ಬಾಗಿಲು ಹಿಡಿದುಕೊಳ್ಳಿ" ಎಂದಳು. ಗಾಳಿಗೆ ಬಡಿದುಕೊಳ್ಳುತ್ತಿದ್ದ ಭಾರವಾದ ಬಾಗಿಲು ಅದು, ಯಾರಾದರೂ ಹಿಡಿಯಲೇಬೇಕಾಗಿತ್ತು. ನಾನು ಹಿಡಿದುಕೊಂಡೆ. ಒಂದು, ಎರಡು, ಮೂರು. ಹಾರ್ಪು ಒಳಗೆ ಬಂದಿತು. ಒಂದು ತಂತಿಯೂ ಮೊರೆಯಲಿಲ್ಲ.

ಒಳಗೆ ನಲವತ್ತು ಐವತ್ತು ಮಂದಿ, ಹೆಚ್ಚಿನವರು ನನ್ನ ವಯಸ್ಸಿನವರು, ಬೆಂಚುಗಳ ಮೇಲೆ ಕುಳಿತಿದ್ದರು. ಒಂದೊಂದೇ ತಂತಿಯನ್ನು ಮತ್ತೆ ಶ್ರುತಿಗೂಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ವಾದ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದಾಗಲೆಲ್ಲ ಆ ಕೆಲಸ ತಪ್ಪುವುದಿಲ್ಲ. ಬಳಿಕ ಆ ನಾಡಿನ ಹಳೆಯ ಧಾಟಿಗಳನ್ನು ನುಡಿಸಿದಳು. ಒಂದೆರಡು ಕಡೆ ತಡವರಿಸಿದಳು; ಸಾವರಿಸಿಕೊಂಡಳು. ಮುದುಕಿಯೊಬ್ಬರು ಕಣ್ಣು ಮುಚ್ಚಿ ತಮ್ಮ ನುಡಿಯಲ್ಲಿ ಮೆಲ್ಲನೆ ದನಿಗೂಡಿಸಿದರು. ಎಲ್ಲರ ದೃಷ್ಟಿಯೂ ಹಾರ್ಪಿನ ಮೇಲೆ ಇತ್ತು. ನಾನು ಮಾತ್ರ ನಡುನಡುವೆ ಹಿಂದಿರುಗಿ ನೋಡುತ್ತಿದ್ದೆ. ಕೈಗಾಡಿ ಬಾಗಿಲ ಬಳಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಯಾರೋ ಅದರ ಹಿಡಿಗೆ ತಮ್ಮ ನೆನೆದ ಕೋಟನ್ನು ನೇತುಹಾಕಿದ್ದರು.

ನಾನು ಊರಿಗೆ ಮರಳಿ ಈಗ ಕೆಲವು ತಿಂಗಳುಗಳಾದುವು. ಭಾನುವಾರಗಳಲ್ಲಿ ಮೊಮ್ಮಗಳು ದೂರವಾಣಿಯಲ್ಲಿ ಮಾತನಾಡುತ್ತಾಳೆ. ಹೊಸದಾಗಿ ಕಲಿತುದನ್ನು ಹೇಳುತ್ತಾಳೆ. ಮುಂದೆ ಎಲ್ಲಿ ನುಡಿಸಲಿದ್ದೇನೆಂಬುದನ್ನೂ ಹೇಳುತ್ತಾಳೆ. "ಅಲ್ಲಿ ಮೆಟ್ಟಿಲು ಎಷ್ಟು?" ಎಂದು ನಾನು ಕೇಳುತ್ತೇನೆ. ಅವಳು ಅಳೆದೇ ಇಟ್ಟಿರುತ್ತಾಳೆ.